ಮೂರು ಸೂತೋ, ನಾಲ್ಕು ಸೂತೋ

ನಮ್ಮೂರಿನಲ್ಲಿ ಸ್ನಾನಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕು. ಒಲೆಯ ಮೇಲೆ ಅನ್ನ ಬೇಯುತ್ತದೆ, ಹಾಲು ಉಕ್ಕುತ್ತದೆ, ಬರೀ ನೀರು ಮಾತ್ರ ಕಾಯುವುದಿಲ್ಲ. ಯಾಕೆ ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ಒಂದು ಹಂಡೆ ನೀರಾದರೂ ಕಾಯುತ್ತಿತ್ತು. ಊರ ನಡುವೆ ಕಂಪ್ಯೂಟರಿನ ಮನೆ ಇದೆ, ಅದರ ಬೆನ್ನಿಗೇ ಸಾಲಾಗಿ ಬಚ್ಚಲುಗಳು. ಕಂಪ್ಯೂಟರಿನ ಮುಂದೆ ಒಂದು ಹಿತ್ತಾಳೆಯ ಆಲಿಕೆ ಇಟ್ಟಿದ್ದಾರೆ. ಆಲಿಕೆಗೆ ಬಾಯಿಟ್ಟು ಕೇಳಿದರೆ ಅದು ಯೋಚಿಸುತ್ತದೆ. ಯೋಚಿಸಿದರೆ ಬಿಸಿಯಾಗುತ್ತದೆ. ಅದರ ಮೈ ತಣಿಸಲು ಪೈಪಿನಲ್ಲಿ ಹರಿಯುವ ನೀರು ಆ ಬಿಸಿಯನ್ನು ಹೊತ್ತುಕೊಂಡು ಬಚ್ಚಲಿನ ಹಂಡೆಗೆ ಬರುತ್ತದೆ.

ಪ್ರಶ್ನೆ ಎಷ್ಟು ಕಷ್ಟವೋ ನೀರು ಅಷ್ಟು ಬಿಸಿ. ಇವತ್ತು ಯಾವ ವಾರ ಎಂದು ಕೇಳಿದರೆ ಉಗುರುಬೆಚ್ಚಗಿನ ನೀರು ಒಂದು ಬಕೆಟ್ಟು ಬರುತ್ತದೆ. ಸ್ನಾನಕ್ಕೆ ಕಳ್ಳ ಬೀಳುವ ಮಕ್ಕಳು ಅದನ್ನೇ ಕೇಳಿ ಕಾಲು ತೊಳೆದುಕೊಂಡು ಓಡುತ್ತವೆ. ದೇವರಿದ್ದಾನೆಯೇ ಎಂದರೂ ಉಗುರುಬೆಚ್ಚಗೇ. ನನ್ನ ಸೊಸೆ ಯಾಕೆ ಹೀಗೆ ಎಂದರೆ ಹಬೆಯಾಡುತ್ತದೆ. ಬಸುರಿ ಇರುವ ಮನೆಯವರು ಬಾಣಂತಿಯ ನೀರಿಗೆಂದು ಮೊದಲೇ ಕೂತು ಪ್ರಶ್ನೆ ಹೊಂದಿಸಿಡುತ್ತಾರೆ. ಹೆಣ್ಣು ನೋಡಲು ಬಂದವರು, ಹುಡುಗಿ ಎಂಥ ನೀರು ಕಾಯಿಸುತ್ತಾಳೆ ಎಂದು ವಿಚಾರಿಸುವುದುಂಟು. ನನ್ನ ವಿಷಯದಲ್ಲೂ ವಿಚಾರಿಸಿದ್ದರು. “ಎಂ.ಎಸ್ಸಿ. ಓದಿದಾಳೆ, ಇಡೀ ಬೀದಿಗೆ ಆಗೋ ಅಷ್ಟು ಕಾಯಿಸ್ತಾಳೆ” ಎಂದಿದ್ದರು ನಮ್ಮಪ್ಪ.

ಉತ್ತರ ಮಾತ್ರ ಯಾರಿಗೂ ಬೇಡ. ಅದು ಹೊರಗಿನ ಸ್ಪೀಕರಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೆಸರು ಕೂಗುವ ಹೆಂಗಸಿನಂಥ ಧ್ವನಿಯಲ್ಲಿ ಬರುತ್ತದೆ. ಹೌದು. ಇಲ್ಲ. ಮಂಗಳವಾರ. ನಿಮ್ಮ ಅಣ್ಣನೇ. ಇಲ್ಲ. ಅಷ್ಟು ಹೊತ್ತಿಗೆ ಕೇಳಿದವರು ಬಚ್ಚಲಲ್ಲಿ ತಲೆಯ ಮೇಲೆ ನೀರು ಹುಯ್ದುಕೊಳ್ಳುತ್ತಿರುತ್ತಾರೆ. ಕಿವಿ ತುಂಬ ನೀರು.

ನನ್ನ ಗಂಡ ಓಂಕಾರ ಆ ಕಂಪ್ಯೂಟರಿನ ಪೈಪು ನೋಡಿಕೊಳ್ಳುತ್ತಿದ್ದ. ಪೈಪು ತೊಳೆಯುವುದು, ಕ್ಲಿಪ್ಪು ಬಿಗಿ ಮಾಡುವುದು, ಪಂಪಿಗೆ ಕಿವಿಯಿಟ್ಟು ಕೇಳುವುದು. ಕೆಲಸದಲ್ಲಿ ಅಚ್ಚುಕಟ್ಟು. ಆದರೆ ಏನನ್ನೂ ಆರಿಸಲಾರದ ಮನುಷ್ಯ. ಅಂಗಿ ಕೊಳ್ಳಲು ಹೋದರೆ ಎರಡು ತಂದು, ಎರಡನ್ನೂ ಮಂಚದ ಮೇಲೆ ಹರಡಿ ನೋಡಿ, ಹಳೆಯದನ್ನೇ ಹಾಕಿಕೊಂಡು ಹೋಗುತ್ತಿದ್ದ. ಏನು ಕೇಳಿದರೂ ಒಂದೇ ಮಾತು: “ಕೇಳಿ ಹೇಳ್ತೀನಿ.” ಯಾರನ್ನ ಕೇಳ್ತೀಯ ಎಂದರೆ ನಗುತ್ತಿದ್ದ. ನನ್ನನ್ನು ನೋಡಿಕೊಂಡು ಹೋದ ಮೇಲೆ, ಹುಡುಗಿ ಒಪ್ಪಿಗೆಯಾ ಎಂದು ಮನೆಯವರು ಕೇಳಿದಾಗಲೂ ಹಾಗೇ ಅಂದನಂತೆ. ಮಾರನೆಯ ದಿನ ಊರಿನ ನೀರು ಕೈ ಇಡಲಾಗದಷ್ಟು ಬಿಸಿಯಿತ್ತು ಎಂದು ನಮ್ಮತ್ತೆ ಈಗಲೂ ಹೇಳುತ್ತಾರೆ.

ಕೊನೆಯ ವಾರವೆಲ್ಲ ಅವನಿಗೆ ಪೈಪಿನದೇ ಧ್ಯಾನ. ಹಳೆಯ ಪೈಪು ಹಳದಿಗಟ್ಟಿತ್ತು. ಹೊಸದು ಹಾಕಬೇಕಿತ್ತು. ಅಳತೆ ಯಾವುದು ಎಂಬುದೇ ಪ್ರಶ್ನೆ. ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿಗೆ ನಮ್ಮ ಪೈಪಿನ ಅಂಗಡಿಯವರು ಸೂತು ಎನ್ನುತ್ತಾರೆ. ಮೂರು ಸೂತಿನ ಪೈಪೋ ನಾಲ್ಕು ಸೂತಿನದೋ? ಮೂರಾದರೆ ಕಿರಿದು, ನೀರು ರಭಸದಿಂದ ಹೋಗುತ್ತದೆ. ನಾಲ್ಕಾದರೆ ಅಗಲ, ನೀರು ಸರಾಗವಾಗಿ ಹೋಗುತ್ತದೆ. ಓಂಕಾರ ಎರಡರ ತುಂಡನ್ನೂ ಮನೆಗೆ ತಂದಿದ್ದ. ಊಟ ಮಾಡುತ್ತ ಒಂದರಲ್ಲಿ ಊದುತ್ತಿದ್ದ, ಆಮೇಲೆ ಇನ್ನೊಂದರಲ್ಲಿ. ಅತ್ತೆ ಬೈಯುತ್ತಿದ್ದರು.

ಆ ದಿನ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ನಾನು ಡಬ್ಬಿ ಕಟ್ಟುತ್ತಿದ್ದೆ. “ರೊಟ್ಟಿ ಎಷ್ಟು ಹಾಕ್ಲಿ? ಮೂರೋ, ನಾಲ್ಕೋ?” ಎಂದೆ. “ಕೇಳಿ ಹೇಳ್ತೀನಿ” ಎಂದ. ನಾನು ನಕ್ಕೆ. ಮೂರನ್ನು ಡಬ್ಬಿಗೆ ಹಾಕಿ, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಡಬ್ಬಿಯ ಮೇಲಿಟ್ಟು ಕಟ್ಟಿದೆ. ಬೇಕಾದರೆ ತಿನ್ನಲಿ, ಬೇಡವಾದರೆ ಬಿಡಲಿ. ಅವನು ಹೋಗಿ, ಬಾಗಿಲು ತೆಗೆದು, ಪಂಪು ನೋಡಿ, ಆಲಿಕೆಗೆ ಬಾಯಿಟ್ಟು ಏನನ್ನೋ ಕೇಳಿದ. ಕಸ ಗುಡಿಸುತ್ತಿದ್ದವರು ಅವನು ಬಾಗಿದ್ದನ್ನು ನೋಡಿದ್ದಾರೆ, ಮಾತು ಕೇಳಿಸಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತ. ಕೂತಲ್ಲೇ ಹೋದ. ಮಧ್ಯಾಹ್ನ ಊಟದ ಡಬ್ಬಿ ಕಟ್ಟು ಬಿಚ್ಚದೆ ವಾಪಸು ಬಂತು. ಅದರ ಹಿಂದೆ ಅವನು.

ಅವತ್ತಿನಿಂದ ಊರಿನ ನೀರು ಆರಲಿಲ್ಲ.

ಮೊದಲ ವಾರ ಯಾರೂ ಗಮನಿಸಲಿಲ್ಲ. ಆಮೇಲೆ, ಯಾರೂ ಏನೂ ಕೇಳದಿದ್ದರೂ ಹಂಡೆಗಳು ಹಬೆಯಾಡುತ್ತಿವೆ ಎಂದು ಗೊತ್ತಾಯಿತು. ಓಂಕಾರ ಕೇಳಿದ್ದನ್ನು ಕಂಪ್ಯೂಟರು ಇನ್ನೂ ಯೋಚಿಸುತ್ತಿದೆ, ಬಿಡಲೊಲ್ಲದು. ಊರಿಗೆ ಹಬ್ಬವಾಯಿತು. ಜನ ಹೊತ್ತಿಗೊಂದು ಸ್ನಾನ ಮಾಡತೊಡಗಿದರು. ಕಂಬಳಿಗಳನ್ನು ಬಿಸಿನೀರಲ್ಲಿ ಒಗೆದರು. ಎಮ್ಮೆಗಳಿಗೂ ಬಿಸಿನೀರು. ಅದಕ್ಕೆ ಓಂಕಾರನ ನೀರು ಎಂದೇ ಹೆಸರು ಬಿತ್ತು. ದಾರಿಯಲ್ಲಿ ಸಿಕ್ಕ ಹೆಂಗಸರು ಒದ್ದೆ ಕೂದಲಲ್ಲಿ ನಿಂತು, ಮುಖ ಸಣ್ಣ ಮಾಡಿಕೊಂಡು ನನಗೆ ಹೇಳುತ್ತಿದ್ದರು, “ನಿಮ್ಮ ಯಜಮಾನ್ರ ನೀರು ಇವತ್ತು ಭಾಳ ಚೆನ್ನಾಗಿತ್ತು ಕಣಮ್ಮ.” ನಾನು ಹೂಂ ಅನ್ನುತ್ತಿದ್ದೆ. ಬೇರೆ ಊರುಗಳಲ್ಲಿ ಇಂಥ ಹೊತ್ತಿಗೆ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ.

ಅವನು ಏನು ಕೇಳಿರಬಹುದು ಎಂದು ಕಟ್ಟೆಗಳಲ್ಲಿ ಚರ್ಚೆಯಾಯಿತು. ಸಾವು ಅಂದರೇನು ಎಂದು ಕೇಳಿರಬೇಕು, ಮುಂಚೆಯೇ ಸುಳಿವು ಸಿಕ್ಕಿತ್ತು ಎಂದರು ಕೆಲವರು. ಆಕಾಶಕ್ಕೆ ಅಂಚು ಎಲ್ಲಿ ಎಂದಿರಬೇಕು ಎಂದರು ಇನ್ನು ಕೆಲವರು. “ಇಷ್ಟು ದಿನ ಕಾಯಬೇಕಾದ್ರೆ ಹೆಂಡ್ತಿ ವಿಷ್ಯಾನೇ ಇರಬೇಕು ಬಿಡ್ರೋ” ಎಂದು ಒಬ್ಬ ಅಂದನಂತೆ. ಅವನಿಗೆ ಎರಡು ದಿನ ಯಾರೂ ಬೀಡಿ ಕೊಡಲಿಲ್ಲವಂತೆ.

ಓಂಕಾರನ ಕೆಲಸವನ್ನು ಬಚ್ಚಲು ಸಮಿತಿಯವರು ನನಗೇ ಕೊಟ್ಟರು. ನಾನು ಭೌತಶಾಸ್ತ್ರ ಓದಿದ್ದೆ. ನೀರು ಕೊಳವೆಯಲ್ಲಿ ಹೇಗೆ ಹರಿಯುತ್ತದೆ ಎಂಬುದರ ಮೇಲೆ ಒಂದು ಪತ್ರಿಕೆಯೇ ಇತ್ತು. ಒಳ್ಳೆಯ ಅಂಕ ಬಂದಿತ್ತು. ದಿನಾ ಹೋಗಿ ಪಂಪಿಗೆ ಕಿವಿಯಿಡುತ್ತಿದ್ದೆ. ರಜೆಯ ದಿನವೂ ಹೋಗುತ್ತಿದ್ದೆ. “ಇವತ್ತು ಸೋಮವಾರ ಕಣೆ, ಬೀಗ ಹಾಕಿರುತ್ತೆ” ಎಂದು ಅತ್ತೆ ಹಿಂದಿನಿಂದ ಕೂಗಿದರೆ ವಾಪಸು ಬರುತ್ತಿದ್ದೆ. ಮನೆಯಲ್ಲಿ ಅತ್ತೆ ರೊಟ್ಟಿ ತಟ್ಟುತ್ತ “ಎಷ್ಟು ಹಾಕ್ಲಿ?” ಎಂದರೆ “ನಿಮಗೆ ತೋಚಿದಷ್ಟು” ಎನ್ನುತ್ತಿದ್ದೆ. ಅವರಿಗೆ ಒಂದು ತೋಚುತ್ತಿತ್ತು.

ಆ ನೀರಿನಲ್ಲಿ ನಾನೊಬ್ಬಳು ಮೀಯಲಿಲ್ಲ. ಇಡೀ ಊರು ಮಿಂದಿತು, ಎಮ್ಮೆಗಳು ಮಿಂದವು. ನಾನು ಹಿತ್ತಿಲ ನಲ್ಲಿಯ ತಣ್ಣೀರು ಹುಯ್ದುಕೊಳ್ಳುತ್ತಿದ್ದೆ. ಚಳಿ ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ.

ಬಿಡುವಿಲ್ಲದೆ ಬಿಸಿನೀರು ಹರಿದು ಹಳೆಯ ಪೈಪು ಮೆತ್ತಗಾಯಿತು. ಗೋಡೆಯ ಮೂಲೆಯಲ್ಲಿ ಪೈಪು ತಿರುಗುವ ಕಡೆ, ನೆಲ್ಲಿಕಾಯಿಯಷ್ಟು ಉಬ್ಬಿತು. ವರ್ಷ ಕಳೆಯುವ ಹೊತ್ತಿಗೆ ನಿಂಬೆಹಣ್ಣಿನಷ್ಟಾಯಿತು. ಬದಲಾಯಿಸಲೇಬೇಕು ಎಂದು ಸಮಿತಿಗೆ ನಾನೇ ಹೇಳಿದೆ. ಹೇಳಿದ ಮೇಲೆ, ಬದಲಾಯಿಸಬೇಕಾದರೆ ಏನೇನು ಆಗಬೇಕು ಎಂದು ಹೊಳೆಯಿತು. ಪೈಪು ಬಿಚ್ಚಬೇಕಾದರೆ ನೀರು ನಿಲ್ಲಬೇಕು. ನೀರು ನಿಲ್ಲಬೇಕಾದರೆ ಯೋಚನೆ ನಿಲ್ಲಬೇಕು. ಉತ್ತರ ಬರುವ ಮೊದಲೇ ಯೋಚನೆ ನಿಲ್ಲಿಸಲು ನಮ್ಮಲ್ಲಿ ಒಂದೇ ದಾರಿ: ಕೇಳಿದವರು, ಇಲ್ಲವೇ ಅವರ ಮನೆಯವರು, ಆಲಿಕೆಗೆ ಬಾಯಿಟ್ಟು ‘ಬೇಡ’ ಅನ್ನಬೇಕು. ಆಗ ಕಂಪ್ಯೂಟರು ಆ ಪ್ರಶ್ನೆಯನ್ನು ಊರಿಗೆಲ್ಲ ಕೇಳುವಂತೆ ಒಮ್ಮೆ ಹೇಳಿ, ಮರೆತುಬಿಡುತ್ತದೆ. ಮಾನಕ್ಕೆ ಅಂಜಿ ಯಾರೂ ಬೇಡ ಅನ್ನುವುದಿಲ್ಲ. ಓಂಕಾರ ಏನು ಕೇಳಿದ ಎಂದು ನನಗೆ ತಿಳಿಯುವುದು ಅವನು ಕೇಳುವುದನ್ನು ನಿಲ್ಲಿಸಿದಾಗ ಮಾತ್ರ. ಹಾಗಾಗಿ ನಾನು ತಿಳಿಯಲು ಹೋಗಿರಲಿಲ್ಲ. ಪೈಪಿನ ಅಳತೆ ಆರಿಸದೆ ಇರುವಷ್ಟು ದಿನ ಅವನು ಏನನ್ನೋ ಕೇಳುತ್ತಲೇ ಇರುತ್ತಾನೆ.

“ಯಾವ ಅಳತೆ ತರಿಸೋಣ ಮೇಡಂ?” ಎಂದರು ಸಮಿತಿಯ ಅಧ್ಯಕ್ಷ ರುದ್ರಮುನಿ. ಯಾವಾಗಲೂ ಹೆಗಲ ಮೇಲೆ ಟವೆಲ್ಲು ಇರುವ, ಸದಾ ಈಗಷ್ಟೇ ಮಿಂದು ಬಂದಂತೆ ಕಾಣುವ ಮನುಷ್ಯ. ನನ್ನ ಬಾಯಿಂದ ತಾನಾಗಿ ಬಂತು: “ಕೇಳಿ ಹೇಳ್ತೀನಿ.”

ನಾನು ಹೇಳುವವರೆಗೆ ಊರು ಸುಮ್ಮನಿರಲಿಲ್ಲ. ಮೂರು ಸೂತಿನವರು, ನಾಲ್ಕು ಸೂತಿನವರು ಎಂದು ಎರಡು ಪಂಗಡವಾಯಿತು. ಮೂರು ಸೂತಿನವರಿಗೆ ನೀರು ದಾರಿಯಲ್ಲಿ ಆರುತ್ತದೆಂಬ ಭಯ, ಬೇಗ ಓಡಿ ಬರಬೇಕು. ನಾಲ್ಕು ಸೂತಿನವರಿಗೆ ಮೈ ತುಂಬ ನೀರು ಬೇಕು. ಮೂರು ಸೂತಿನವರು ನಾಲ್ಕು ಸೂತಿನವರನ್ನು ದುಂದುಗಾರರು ಎಂದರು. ನಾಲ್ಕು ಸೂತಿನವರು ಇವರನ್ನು ಗಂಟಲು ಕಟ್ಟಿದವರು ಎಂದರು. ಒಂದು ನಿಶ್ಚಿತಾರ್ಥ ಮುರಿಯಿತು. ತಾಂಬೂಲ ಬದಲಿಸುವಾಗ ಹುಡುಗನ ಸೋದರಮಾವನ ಜೇಬಿನಿಂದ ಮೂರು ಸೂತಿನ ತುಂಡು ಇಣುಕಿತ್ತಂತೆ. ಮನೆಗಳ ಬಾಗಿಲಿಗೆ ತೋರಣದ ಪಕ್ಕ ಪೈಪಿನ ತುಂಡು ಕಟ್ಟಿ ತಮ್ಮ ಪಂಗಡ ತೋರಿಸಿಕೊಂಡರು. ತೊಂದರೆಯೇನೆಂದರೆ, ಆ ತುಂಡುಗಳು ನೋಡಲು ಒಂದೇ ಥರ. ಹೋಗಿ ಬರುವವರು ಪ್ರತಿ ಬಾಗಿಲಲ್ಲೂ ನಿಂತು, ತುಂಡಿನೊಳಗೆ ಬೆರಳು ತೂರಿಸಿ ನೋಡಿ, ಆಮೇಲೆ ನಮಸ್ಕಾರ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಒಂದೇ ಥರ ಯಾಕೆ ಎಂದು ಪೈಪಿನ ಅಂಗಡಿಯ ಜಬೀವುಲ್ಲಾ ಸಮಿತಿಯ ಸಭೆಯಲ್ಲಿ ತೋರಿಸಿದ. ಎರಡು ತುಂಡು ಎತ್ತಿ ಹಿಡಿದು, “ಹೊರಗಿಂದ ಅಳೆದ್ರೆ ಎರಡೂ ಐದು ಸೂತೇ ಸಾರ್. ಒಳಗೇ ಫರಕು. ಇದರ ಗೋಡೆ ದಪ್ಪ, ತೂತು ಸಣ್ಣದು. ಇದರ ಗೋಡೆ ತೆಳು, ತೂತು ದೊಡ್ಡದು. ಅದಕ್ಕೇ ನಾನು ಯಾರೇ ಬರಲಿ ಮೊದಲು ಕೇಳೋದು, ಒಳಗಿಂದಾ ಹೊರಗಿಂದಾ ಅಂತ” ಎಂದ. ಆಮೇಲೆ ಎರಡನ್ನೂ ಬಗ್ಗಿಸಿದ. ಗೋಡೆ ದಪ್ಪ ಇದ್ದದ್ದು ಬಿಲ್ಲಿನ ಹಾಗೆ ಬಾಗಿತು. ತೆಳುವಿನದು ನಡುವೆ ಚಪ್ಪಟೆಯಾಗಿ ಮಡಿಚಿಕೊಂಡಿತು. “ನೋಡಿದ್ರಾ! ಮೂಲೇಲಿ ಹೀಗೆ ಮಡಿಚ್ಕೊಂಡ್ರೆ ನೀರು ಎಲ್ಲಿಗೆ ಹೋಗುತ್ತೆ?” ಎಂದು ಮೂರು ಸೂತಿನವರು ಚಪ್ಪಾಳೆ ತಟ್ಟಿದರು. “ಮೂಲೆಗೊಂದು ಎಲ್ಬೋ ಹಾಕಿದ್ರೆ ಆಯ್ತು. ಬಗ್ಗಿಸು ಅಂತ ಯಾರು ಹೇಳಿದ್ರು?” ಎಂದು ನಾಲ್ಕು ಸೂತಿನವರು ಎದ್ದು ನಿಂತರು.

ರುದ್ರಮುನಿ ಎರಡೂ ಕೈ ಎತ್ತಿದರು. ಅವರ ಅಕ್ಕ ಮೂರು ಸೂತಿನ ಮನೆಗೆ, ತಂಗಿ ನಾಲ್ಕು ಸೂತಿನ ಮನೆಗೆ ಸೇರಿದವರು. “ಕಿತ್ತಾಟ ಬೇಡ. ಯಾಕ್ರೀ ಜಬೀ, ಮೂರೂವರೆ ಸೂತು ಸಿಗಲ್ವೇನ್ರೀ?” “ಮೂರೂವರೆ ಮಕ್ಕಳು ಹುಟ್ಟಿದ ದಿನ ತರಿಸ್ತೀನಿ ಸಾರ್” ಎಂದ ಜಬೀವುಲ್ಲಾ. ಸಭೆ ನಕ್ಕಿತು, ಮತ್ತೆ ಗಂಭೀರವಾಯಿತು. “ಮೇಡಂ ಹೇಳಲಿ, ಮೇಡಂ ಹೇಳಲಿ” ಎಂಬ ಕೂಗೆದ್ದಿತು. ನಾನು ಎದ್ದು ನಿಂತು ನಿಜ ಹೇಳಿದೆ. “ಯಾವುದು ಹಾಕಿದರೂ ನೀರಿನ ಬಿಸಿಯಲ್ಲಿ ಒಂದು ಡಿಗ್ರಿಯಷ್ಟೂ ವ್ಯತ್ಯಾಸ ಬರೋದಿಲ್ಲ. ಸಣ್ಣದರಲ್ಲಿ ಪಂಪಿಗೆ ಸ್ವಲ್ಪ ತ್ರಾಸು, ದೊಡ್ಡದರಲ್ಲಿ ಮೂಲೆ ತಿರುಗಿಸೋದು ಸ್ವಲ್ಪ ತ್ರಾಸು. ಅಷ್ಟೇ.”

ಇಷ್ಟು ದೊಡ್ಡ ಮೌನವನ್ನು ನಾನು ನನ್ನ ಮನೆಯ ಹೊರಗೆ ಕೇಳಿರಲಿಲ್ಲ. ಮೊದಲು ಯಾರೋ ಕೆಮ್ಮಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, “ಎರಡೂ ಒಂದೇ ಅಂತ ಹೇಳೋಕೆ ಎಂ.ಎಸ್ಸಿ. ಯಾಕಮ್ಮ ಓದಬೇಕಿತ್ತು? ನಮ್ಮೆಮ್ಮೆ ಕೇಳಿದ್ರೂ ಅದೇ ಹೇಳ್ತಿತ್ತು” ಎಂದರು. ಎರಡೂ ಪಂಗಡದವರು ಮೊದಲ ಸಲ ಒಟ್ಟಿಗೆ ತಲೆಯಾಡಿಸಿದರು. ರುದ್ರಮುನಿ ಮೆಲ್ಲಗೆ, “ಗಂಡನ್ನ ಕಳ್ಕೊಂಡಿರೋರು, ಬಿಡ್ರಪ್ಪ. ಇನ್ನೊಂದಿಷ್ಟು ದಿನ ಯೋಚನೆ ಮಾಡಲಿ” ಎಂದರು. ಅದೇ ನನಗೆ ಬೇಕಾಗಿತ್ತು.

ಮನೆಗೆ ಬರುವಾಗ ಹಾಲಮ್ಮ ನನ್ನ ಜೊತೆ ನಡೆದರು. ಮೂರನೇ ಮನೆಯ ಅಜ್ಜಿ, ಬಾಯಲ್ಲಿ ಸದಾ ಅಡಿಕೆ ಎಲೆ. ಓಂಕಾರನ ನೀರು ಬರುವ ಮೊದಲು ಅವರು ದಿನಾ ಬೆಳಿಗ್ಗೆ ಆಲಿಕೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ಗಟ್ಟಿಯಾಗಿ ಕೇಳುತ್ತಿದ್ದುದರಿಂದ ಊರಿಗೆಲ್ಲ ಗೊತ್ತು. ನಾನು ಆ ತೆಂಗಿನಕಾಯಿ ಮಂಡಿಯವನನ್ನೇ ಮದುವೆ ಆಗಬೇಕಾಗಿತ್ತಾ? ಎರಡು ಕೊಡ ಒಳ್ಳೆಯ ಬಿಸಿನೀರು ಬರುತ್ತಿತ್ತು. “ನಿನ್ನ ಗಂಡ ಹೋಗಿ ಎಲ್ರಿಗೂ ನೀರಾಯ್ತು. ನನ್ನ ಪ್ರಶ್ನೆ ಹೋಯ್ತು ನೋಡು” ಎಂದರು. “ಹಂಗೆ ಸುಮ್ನೆ ಹೋಗಿ ಹುಯ್ಕೊಂಡು ಬಂದ್ರೆ ಮಿಂದಂಗೇ ಅನ್ಸಲ್ಲ ಕಣೆ ಕುಮುದಾ. ದಿನಾ ಒಂದ್ಸಲ ಅವನ ಹೆಸರು ಹೇಳ್ತಿದ್ದೆ. ನಮ್ಮೆಜಮಾನ್ರೂ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡು ನಗ್ತಿದ್ರು.” “ಉತ್ತರ ಏನು ಬರ್ತಿತ್ತು ಅಜ್ಜಿ?” ಎಂದೆ. ಅವರು ನಿಂತು ನನ್ನ ಮುಖ ನೋಡಿದರು. “ಉತ್ತರ ಯಾರು ಕೇಳ್ತಾರೆ? ನೀರು ಆರಿಹೋಗಲ್ವಾ?”

ಅತ್ತೆಗೆ ಪೈಪಿನ ವಿಷಯ ನಾನು ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತು. ಅವರು ದಿನಾ ಮಗನ ನೀರಿನಲ್ಲಿ ಮಿಂದು, ಒಂದು ಕೊಡ ಮನೆಗೂ ತಂದು ಅಡುಗೆಮನೆಯ ಮೂಲೆಯಲ್ಲಿಡುತ್ತಿದ್ದರು. ಅದನ್ನು ಯಾವುದಕ್ಕೂ ಬಳಸುತ್ತಿರಲಿಲ್ಲ. ಆರಿದ ಮೇಲೆ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದರು. ಆ ಸಂಜೆ ಕೊಡದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದವರು, ನನ್ನ ಕಡೆ ನೋಡದೆ, “ಪೈಪು ಒಡೆದ್ರೆ ಯಾರಿಗಾದ್ರೂ ಸುಟ್ಟೀತು” ಎಂದರು. “ಹೂಂ” ಎಂದೆ. “ಅವನು ಇದ್ದಿದ್ರೆ ಅಷ್ಟರ ಮಟ್ಟಿಗೆ ಬಿಡ್ತಿರಲಿಲ್ಲ.” “ಅವರು ಇದ್ದಿದ್ರೆ ಇನ್ನೂ ಆರಿಸ್ತಾ ಇರ್ತಿದ್ರು ಅತ್ತೆ.” ಅವರಿಗೆ ನಗು ಬಂತು. ನಕ್ಕಿದ್ದಕ್ಕೆ ಸಿಟ್ಟು ಬಂತು. ಕೊಡ ಎತ್ತಿಕೊಂಡು ಹಿತ್ತಿಲಿಗೆ ಹೋದರು.

ಸುಟ್ಟದ್ದು ರುದ್ರಮುನಿಯವರನ್ನೇ. ಎರಡು ದಿನದ ಮೇಲೆ, ಬೆಳಗಿನ ಜನ ಸಾಲಾಗಿ ನಿಂತಿರುವಾಗ, ಅವರು ಪೈಪಿನ ಮೂಲೆಯ ಹತ್ತಿರ ಬಾಗಿ ಪಂಚೆ ಬಿಗಿ ಮಾಡಿಕೊಳ್ಳುತ್ತಿದ್ದರು. ಆ ಉಬ್ಬು ಒಡೆಯಿತು. ದೊಡ್ಡ ಗಾಯವೇನೂ ಅಲ್ಲ, ಆದರೆ ಕೂರುವ ಜಾಗ. ಅಧ್ಯಕ್ಷರು ಅಂದಿನಿಂದ ನಿಂತೇ ಸಭೆ ನಡೆಸಬೇಕಾಯಿತು. ನಾನು ಓಡಿ ಹೋಗಿ ಒಡೆದ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿದೆ. ಅದರಡಿಯಿಂದ ನೀರು ಹಬೆಯಾಡುತ್ತ ಜಿನುಗುತ್ತಿತ್ತು. ಇನ್ನೊಂದು ಗಂಟೆ ತಡೆದೀತು. ಅಷ್ಟರಲ್ಲಿ ನಿಲ್ಲಿಸದಿದ್ದರೆ ನೀರೆಲ್ಲ ಸೋರಿ, ಕಂಪ್ಯೂಟರು ತನ್ನ ಯೋಚನೆಯಲ್ಲೇ ಸುಟ್ಟುಹೋಗುತ್ತದೆ. ಆಮೇಲೆ ಊರಿಗೆ ಎಂದೆಂದಿಗೂ ತಣ್ಣೀರು.

ಸುದ್ದಿ ಹಬ್ಬಿ ಊರೇ ಬಂತು. ಜಬೀವುಲ್ಲಾ ಎರಡೂ ಅಳತೆಯ ಸುರುಳಿಗಳನ್ನು ಒಂದೊಂದು ಹೆಗಲಿಗೆ ಹಾಕಿಕೊಂಡು ಬಂದ. ಬಾಗಿಲ ಎಡಕ್ಕೆ ಮೂರು ಸೂತಿನವರು, ಬಲಕ್ಕೆ ನಾಲ್ಕು ಸೂತಿನವರು. ಕೆಲವರು ಅರ್ಧ ಸೋಪು ಹಚ್ಚಿಕೊಂಡೇ ಬಂದಿದ್ದರು. “ಮೇಡಂ, ಒಂದು ಮಾತು. ಬೇಡ ಅಂದುಬಿಡಿ. ಯಾವ ಪೈಪು ಅಂತ ಆಮೇಲೆ ನೋಡೋಣ” ಎಂದರು ರುದ್ರಮುನಿ, ಗೋಡೆಗೆ ಕೈ ಊರಿ ನಿಂತು. ಅತ್ತೆ ಖಾಲಿ ಕೊಡ ಹಿಡಿದು ಜನರ ನಡುವೆ ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಕೊಡವನ್ನು ಸೊಂಟದಿಂದ ಇಳಿಸಿ ನೆಲದ ಮೇಲಿಟ್ಟರು. ಬೇಡ ಎಂದು ಅವರೂ ಹೇಳಬಹುದಿತ್ತು, ತಾಯಿ. ಹೇಳಲಿಲ್ಲ. ನನಗೆ ಬಿಟ್ಟರು.

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಅವನ ಕುರ್ಚಿ ಅಲ್ಲೇ ಇತ್ತು. ಬಾಗಿ ಆಲಿಕೆಗೆ ಬಾಯಿಟ್ಟೆ. ಹಿತ್ತಾಳೆ ಬೆಚ್ಚಗಿತ್ತು.

“ಓಂಕಾರನ ಮನೆಯವಳು. ಬೇಡ.”

ಹೊರಗೆ ಸ್ಪೀಕರು ಗರಗರ ಎಂದಿತು. ಬಸ್‌ಸ್ಟ್ಯಾಂಡಿನ ಹೆಂಗಸಿನ ಧ್ವನಿ ಒಳಗೂ ಹೊರಗೂ ಒಟ್ಟಿಗೆ ಕೇಳಿಸಿತು. “ಪ್ರಶ್ನೆ: ಮೂರೋ, ನಾಲ್ಕೋ?”

ಹೊರಗೆ ಗದ್ದಲ ಸಿಡಿಯಿತು. “ಪೈಪು! ಪೈಪಿನದನ್ನೇ ಕೇಳಿದಾನೆ!” “ಅಯ್ಯೋ ಇವನ! ವರ್ಷಪೂರ್ತಿ ಪೈಪಿನ ಪ್ರಶ್ನೇಲಿ ಮಿಂದ್ವೇನ್ರೋ? ನಾನು ಸಾವಿನದು ಅಂದ್ಕೊಂಡು ಕೈ ಮುಗಿದು ಹುಯ್ಕೊಳ್ತಿದ್ದೆ!” “ಮೊಮ್ಮಗೂಗೆ ಮೊದಲ ನೀರು ಇದರಲ್ಲೇ ಹಾಕಿದ್ವಲ್ಲ!” ಹಾಲಮ್ಮ ಒಬ್ಬರೇ ಜೋರಾಗಿ ನಗುತ್ತಿದ್ದರು. ನಾನು ಆಲಿಕೆಯ ಅಂಚು ಹಿಡಿದುಕೊಂಡಿದ್ದೆ. ಅಡುಗೆಮನೆ, ಬಿಸಿ ರೊಟ್ಟಿ, ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ ಅವನು. ಮೂರೋ, ನಾಲ್ಕೋ? ಆ ಮಾತು ನನ್ನದು. ಅವನದೂ ಆಗಿರಬಹುದು, ಪೈಪಿನದು. ಅವನು ಯಾವುದನ್ನು ಕೇಳಿದ ಎಂದು ಹೇಳುವ ಮಾತೇ ಪ್ರಶ್ನೆಯಲ್ಲಿ ಇರಲಿಲ್ಲ.

ಕಂಪ್ಯೂಟರು ಮರೆಯಲಿಲ್ಲ. ಧ್ವನಿ ಮತ್ತೆ ಬಂತು. “ಏನು ಮೂರು, ಏನು ನಾಲ್ಕು ಎಂದು ಹೇಳಿಲ್ಲ. ಆದ್ದರಿಂದ ತಡವಾಗಿದೆ. ಈಗ ಹೇಳಿದರೆ ಉತ್ತರ ಸಿದ್ಧವಿದೆ. ಏನು?”

ಎಂಟು ದಿಕ್ಕಿಗೂ ಅದು ಕೇಳಿಸಿತು. “ಸೂತು ಅನ್ನಿ ಮೇಡಂ! ಸೂತು!” ಎಂದು ಹೊರಗಿನಿಂದ ಎಲ್ಲರೂ, ಎಡದವರೂ ಬಲದವರೂ, ಒಂದೇ ಬಾಯಲ್ಲಿ ಕೂಗಿದರು. ಸೂತು ಎಂದರೆ ಅವನು ಕೊನೆಯದಾಗಿ ಕೇಳಿದ್ದು ಊರಿಗಾಗಿ. ಇನ್ನೊಂದು ಅಂದರೆ ನನಗಾಗಿ. ಯಾವುದು ನಿಜ ಎಂದು ತಿಳಿಯುವ ಯಂತ್ರ ಈ ಊರಿನಲ್ಲಿಲ್ಲ. ನೀರು ಜಿನುಗುವ ಸದ್ದು ಜೋರಾಗುತ್ತಿತ್ತು. ಕೇಳಿ ಹೇಳಲು ಯಾರೂ ಇರಲಿಲ್ಲ.

ಆಲಿಕೆಗೆ ತುಟಿ ತಾಗಿಸಿ, ಅದಕ್ಕಷ್ಟೇ ಕೇಳುವಂತೆ ಹೇಳಿದೆ. “ರೊಟ್ಟಿ.”

“ನಾಲ್ಕು” ಎಂದಿತು ಸ್ಪೀಕರು, ಊರಿಗೆಲ್ಲ.

ಬಲಗಡೆಯವರು ಕುಣಿದರು. ಸೋಪಿನ ನೊರೆ ಹಾರಿತು. ಎಡಗಡೆಯವರು ಬಾಗಿಲ ತೋರಣದ ತುಂಡುಗಳನ್ನು ನೆನೆದು ಸಪ್ಪಗಾದರು. “ಆಯ್ತಪ್ಪ, ಅವನೇ ಕೇಳಿದಾನೆ, ಅದೇ ಹೇಳಿದೆ. ಮುಗೀತು” ಎಂದರು ರುದ್ರಮುನಿ. ಜಬೀವುಲ್ಲಾ ನಾಲ್ಕು ಸೂತಿನ ಸುರುಳಿಯನ್ನು ಒಳಗೆ ತಂದು ನನ್ನ ಮುಂದಿಟ್ಟ. ಪಂಪಿನ ಸದ್ದು ಇಳಿಯುತ್ತಿತ್ತು. ಹಿತ್ತಾಳೆ ಆರುತ್ತಿತ್ತು. “ಮೂಲೆಗೆ ಎಲ್ಬೋ ತಂದಿದೀನಿ ಮೇಡಂ” ಎಂದ. ನನ್ನ ಮುಖ ನೋಡಿದ. ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ, ಒಳಗೆ ಬರುವವರನ್ನೆಲ್ಲ “ಇರ್ರಿ, ಅಳತೆ ತಗೋತಾ ಇದಾರೆ” ಎಂದು ತಡೆಯುತ್ತ.

ಹೊಸ ಪೈಪು ಕೂಡಿಸಿ, ಕ್ಲಿಪ್ಪು ಬಿಗಿ ಮಾಡಿ, ಒಂದು ಹನಿಯೂ ಸೋರದಂತೆ ನೋಡಿಕೊಂಡು ಮನೆಗೆ ಬಂದಾಗ ಅತ್ತೆ ಹಿಟ್ಟು ನಾದುತ್ತಿದ್ದರು. ಮೂಲೆಯ ಕೊಡ ಬೋರಲಾಗಿತ್ತು. “ಪೈಪಿನ ಮಗ” ಎಂದರು ಅವರು. ಸಿಟ್ಟೋ ಅಕ್ಕರೆಯೋ ತಿಳಿಯಲಿಲ್ಲ. “ಸಾಯೋ ಹೊತ್ತಿಗೂ ಪೈಪು.” ನಾನು ಏನೂ ಹೇಳಲಿಲ್ಲ. ಈಗಲೂ ಹೇಳಿಲ್ಲ. ಅವರು ಹೆಂಚು ಇಟ್ಟು, ದಿನದ ಹಾಗೆ ಕೇಳಿದರು. “ಎಷ್ಟು ಹಾಕ್ಲಿ?”

“ನಾಲ್ಕು.”

ತಟ್ಟುತ್ತಿದ್ದ ಕೈ ನಿಂತಿತು. “ಯಾರು ಬರ್ತಿದಾರೆ?”

“ಯಾರೂ ಇಲ್ಲ. ನನಗೆ.”

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಹಿಟ್ಟಿನ ಡಬ್ಬಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ನಾಲ್ಕನೆಯದನ್ನು ಮುಗಿಸಲು ಬಹಳ ಹೊತ್ತು ಬೇಕಾಯಿತು. ಅವರು ಎದ್ದು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಹಂಡೆಗಳು ತಣ್ಣಗಿದ್ದವು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಊರು ಆಲಿಕೆಯ ಮುಂದೆ ಸಾಲು ನಿಂತಿತು. ಕೇಳುವ ಅಭ್ಯಾಸ ಎಲ್ಲರಿಗೂ ತಪ್ಪಿತ್ತು. ರುದ್ರಮುನಿ ಆಲಿಕೆಗೆ ಬಾಯಿಟ್ಟು, ಬಹಳ ಹೊತ್ತು ಬಾಗಿ ನಿಂತು, ಏನೂ ತೋಚದೆ “ಹಲೋ” ಎಂದು ವಾಪಸು ಬಂದರು. ಹಾಲಮ್ಮ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋಗಿ ಗಟ್ಟಿಯಾಗಿ ಕೇಳಿದರು. ತೆಂಗಿನಕಾಯಿ ಮಂಡಿಯವನ ಹೆಸರು ಚೌಕದಲ್ಲೆಲ್ಲ ಕೇಳಿಸಿತು. ಹೊಸ ಪೈಪು ಸಣ್ಣಗೆ ನಡುಗಿತು. ಅವರ ಎರಡು ಕೊಡಗಳೂ ಹಬೆಯಾಡುತ್ತ ತುಂಬಿದವು. ಯಾರೋ ಸಿಳ್ಳೆ ಹಾಕಿದರು.

ನನ್ನ ಸರದಿ ಬಂತು. “ದೊಡ್ಡದೇನಾದ್ರೂ ಕೇಳಿಬಿಡಿ ಮೇಡಂ, ನಮಗೂ ಒಂದಿಷ್ಟು ಆಗುತ್ತೆ” ಎಂದು ಹಿಂದಿನಿಂದ ಯಾರೋ ಅಂದರು. ಕೈಯಲ್ಲಿ ಬಕೆಟ್ಟು ಇತ್ತು. ಬಾಗಿದೆ.

“ಇವತ್ತು ಯಾವ ವಾರ?” ಎಂದೆ.

ಸಾಲಿನಲ್ಲಿದ್ದ ಮಕ್ಕಳು ಕಿಸಕ್ಕೆಂದವು. ನಲ್ಲಿಯಲ್ಲಿ ನೀರು ಬಂದು ಬಕೆಟ್ಟು ತುಂಬಿತು. ಬೆರಳು ಅದ್ದಿದೆ. ಉಗುರುಬೆಚ್ಚಗೆ, ಗೊತ್ತಾಯಿತು. “ಬೇಗ ಹೋಗಮ್ಮ, ಆರಿಹೋಗುತ್ತೆ” ಎಂದರು ಹಾಲಮ್ಮ. ನಾನು ಹೋಗಲಿಲ್ಲ. ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಸ್ಪೀಕರಿನ ಕೆಳಗೆ ನಿಂತೆ. ನನ್ನ ಹಿಂದಿದ್ದವರೂ ಯಾಕೋ ಸುಮ್ಮನೆ ನಿಂತರು.

“ಶನಿವಾರ” ಎಂದಿತು.

ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದೆ.